ಮೂರು ಚಕ್ರದ ಸ್ಟ್ರಾಲರ್: ಮುಂದಿನ ಚಕ್ರ ಒದರುತ್ತದೆ, ಗಾಡಿ ಎಡಕ್ಕೆ ಎಳೆಯುತ್ತದೆ. ಈ ಥರದ್ದೇ ತಗೋಬಹುದಾ?

ಹೊಸ_ಅಪ್ಪ:

ಎಲ್ಲರಿಗೂ ನಮಸ್ಕಾರ. ಮಗುವಿಗೆ ನಾಲ್ಕು ತಿಂಗಳು. ಸ್ಟ್ರಾಲರ್ ತಗೋಬೇಕು ಅಂತ ಹುಡುಕಾಟ ನಡೆದಿದೆ. ನನ್ನ ಮನಸ್ಸು ಮೂರು ಚಕ್ರದ್ದರ ಮೇಲೆ, ಹೆಂಡತಿಗೆ ನಾಲ್ಕೇ ವಾಸಿ ಅಂತ. ಸುಮ್ನೆ ವಾದ ಮಾಡೋದ್ಯಾಕೆ, ತಳ್ಳಿ ನೋಡೋಣ ಅಂತ ಗೆಳೆಯರೊಬ್ಬರ ಹಳೇ ಗಾಡಿ ತಂದಿದ್ದೇನೆ. ಗಾಳಿ ತುಂಬುವ ಟೈರ್. ಮುಂದಿನದು 12 ಇಂಚು, ಹಿಂದಿನವು 16 ಇಂಚು. ಮುಂದಿನ ಚಕ್ರ ಸುತ್ತ ತಿರುಗುತ್ತದೆ, ಬೇಕಾದಾಗ ಲಾಕ್ ಕೂಡ ಮಾಡಬಹುದು.

ತೊಂದರೆ ಎರಡು. ಸ್ವಲ್ಪ ಬೇಗ ನಡೆದರೆ ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ಪಟಪಟ ಅಂತ ಒದರುತ್ತದೆ, ಹಿಡಿಯವರೆಗೂ ನಡುಕ ಬರುತ್ತದೆ. ನಿಧಾನ ಮಾಡಿದರೆ ನಿಲ್ಲುತ್ತದೆ. ಲಾಕ್ ಹಾಕಿದರೆ ಒದರಾಟ ಇಲ್ಲ, ಆದರೆ ಆಗ ಗಾಡಿ ಎಡಕ್ಕೆ ಹೋಗುತ್ತದೆ. ನೇರ ಹೋಗಬೇಕಾದರೆ ಬಲಗೈ ಸಡಿಲ ಬಿಟ್ಟು ಎಡಗೈಯಿಂದಲೇ ಜಾಸ್ತಿ ತಳ್ಳಬೇಕು.

ಇದು ಮೂರು ಚಕ್ರದ ಜಾತಿಯ ಗುಣವಾ, ಈ ಗಾಡಿಯ ದೋಷವಾ? ಹೊಸದು ತಗೊಳ್ಳುವಾಗ ಏನು ನೋಡಬೇಕು? ಮುಂದೆ ಮಗುವನ್ನು ಕೂರಿಸಿಕೊಂಡು ಓಡುವ ಆಸೆಯೂ ಇದೆ.

ಬೇರಿಂಗ್:

ಎರಡೂ ಬೇರೆ ಬೇರೆ ತೊಂದರೆ. ಒಂದಕ್ಕೊಂದು ಗಂಟು ಹಾಕಬೇಡಿ.

ಮೊದಲು ಒದರಾಟ. ತಿರುಗುವ ಚಕ್ರ ನೆಲ ಮುಟ್ಟುವ ಜಾಗ ಅದು ತಿರುಗುವ ಕೀಲಿಗಿಂತ ಸ್ವಲ್ಪ ಹಿಂದಿರುತ್ತದೆ. ಅದಕ್ಕೇ ನೀವು ತಳ್ಳಿದ ಕಡೆ ಅದು ತಾನಾಗಿ ಹಿಂಬಾಲಿಸುತ್ತದೆ. ಸಣ್ಣ ಕಲ್ಲು ತಗುಲಿ ಪಕ್ಕಕ್ಕೆ ಸರಿದರೆ ವಾಪಸ್ ನಡುವಿಗೆ ಬರುತ್ತದೆ. ಆದರೆ ವೇಗ ಜಾಸ್ತಿ ಇದ್ದರೆ ನಡುವಿನಲ್ಲಿ ನಿಲ್ಲದೆ ಆ ಕಡೆ ದಾಟಿಬಿಡುತ್ತದೆ, ಮತ್ತೆ ಈ ಕಡೆ. ಸೂಪರ್ ಮಾರ್ಕೆಟ್ ಟ್ರಾಲಿಯ ಒಂದು ಚಕ್ರ ಹುಚ್ಚು ಹಿಡಿದ ಹಾಗೆ ಕುಣಿಯುತ್ತದಲ್ಲ, ಅದೇ ಇದು. ಕೀಲಿನಲ್ಲಿ ಒಂಚೂರು ಬಿಗಿ ಇದ್ದರೆ ಈ ಕುಣಿತ ಅಲ್ಲೇ ಸಾಯುತ್ತದೆ. ಕೀಲು ಸಡಿಲವಾದ ಗಾಡಿ ಮಾಮೂಲು ನಡಿಗೆಗೇ ಒದರುತ್ತದೆ. ನಾಲ್ಕು ಚಕ್ರದ ಗಾಡಿಯಲ್ಲೂ ಮುಂದಿನ ಚಕ್ರಗಳು ತಿರುಗುವಂಥವೇ ಆದ್ದರಿಂದ ಅಲ್ಲೂ ಇದು ತಪ್ಪಿದ್ದಲ್ಲ.

ಸಡಿಲ ಎಲ್ಲಿದೆ ಅಂತ ಹುಡುಕುವುದು ಹೀಗೆ. ಮಗುವನ್ನು ಇಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಹಿಡಿ ಒತ್ತಿ ಮುಂಭಾಗ ಎತ್ತಿ. ಇನ್ನೊಬ್ಬರು ಹಿಡಿದುಕೊಂಡಿರಲಿ. ಈಗ ಒಂದು ಕೈಯಲ್ಲಿ ಫೋರ್ಕ್, ಅಂದರೆ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕವಲು, ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಟೈರ್ ಮೇಲ್ತುದಿಯನ್ನು ಎಡಬಲ ಅಲ್ಲಾಡಿಸಿ. ಕಟಕಟ ಅಂದರೆ ಚಕ್ರದ ಬೇರಿಂಗ್ ಅಥವಾ ಆಕ್ಸಲ್ ಸಡಿಲ. ಅಲ್ಲಿ ಏನೂ ಇಲ್ಲವಾದರೆ ಚಕ್ರ ಬಿಟ್ಟು, ಫೋರ್ಕನ್ನೇ ಹಿಡಿದು ಹಿಂದೆ ಮುಂದೆ ಎಳೆದು ನೋಡಿ. ಕೀಲಿನ ಹತ್ತಿರ ಬೆರಳಿಟ್ಟುಕೊಂಡರೆ ಆಟ (ಸಡಿಲದ ಅಲ್ಲಾಟ) ಗೊತ್ತಾಗುತ್ತದೆ, ಕಣ್ಣಿಗಿಂತ ಬೆರಳು ಚುರುಕು. ಕೊನೆಗೆ ಚಕ್ರವನ್ನು ಜೋರಾಗಿ ತಿರುಗಿಸಿ, ಮುಂದೆ ನಿಂತು ನೋಡಿ. ಟೈರ್ ಅಂಚು ಸುತ್ತಲೂ ಒಂದೇ ಗೆರೆಯಲ್ಲಿ ಸುತ್ತಬೇಕು. ಒಂದು ಕಡೆ ಉಬ್ಬಿ ಬಂದು ಹೋಗುತ್ತಿದ್ದರೆ ಟೈರ್ ರಿಮ್ಮಿನಲ್ಲಿ ಸರಿಯಾಗಿ ಕೂತಿಲ್ಲ. ಗಾಳಿ ಬಿಟ್ಟು, ಕೈಯಲ್ಲಿ ಒತ್ತಿ ಕೂರಿಸಿ, ಮತ್ತೆ ತುಂಬಿಸಿ.

ಎಡಕ್ಕೆ ಎಳೆಯುವುದಕ್ಕೆ ಮೊದಲ ಅನುಮಾನ ಯಾವಾಗಲೂ ಹಿಂದಿನ ಟೈರಿನ ಗಾಳಿ. ಎಡಗಡೆ ಗಾಳಿ ಕಡಿಮೆ ಇದ್ದರೆ ಆ ಚಕ್ರ ನೆಲಕ್ಕೆ ಜಾಸ್ತಿ ಅಂಟುತ್ತದೆ, ಗಾಡಿ ಅತ್ತ ವಾಲುತ್ತದೆ. ಆಮೇಲೆ ಹಿಂದಿನ ಚಕ್ರಗಳು ಎರಡೂ ಕಟಕ್ ಅನ್ನುವವರೆಗೆ ಒಳಗೆ ಹೋಗಿವೆಯಾ ನೋಡಿ. ಮುಂದಿನ ಆಕ್ಸಲ್ ಫೋರ್ಕಿನ ಎರಡು ಕಾಲಲ್ಲೂ ತುದಿ ಮುಟ್ಟಿ ಕೂತಿದೆಯಾ ನೋಡಿ. ಇಷ್ಟೂ ಸರಿ ಇದ್ದರೆ ಮಾತ್ರ ಫೋರ್ಕಿನ ಪಕ್ಕದ ದಿಕ್ಕು ತಿದ್ದುವ ತಿರುಪಿಗೆ ಕೈ ಹಾಕಿ. ಎಲ್ಲ ಗಾಡಿಯಲ್ಲೂ ಅದು ಇರುವುದಿಲ್ಲ. ಇದ್ದರೆ ಒಂದೊಂದೇ ಕಾಲು ಸುತ್ತು ತಿರುಗಿಸುತ್ತಾ ಹೋಗಿ.

ಪರೀಕ್ಷೆ ರಸ್ತೆಯಲ್ಲಿ ಮಾಡಬೇಡಿ. ಮಳೆ ನೀರು ಹರಿಯಲಿ ಅಂತ ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರಾಗಿಯೇ ಮಾಡಿರುತ್ತಾರೆ, ಸರಿ ಇರುವ ಗಾಡಿಯೂ ಅಲ್ಲಿ ಪಕ್ಕಕ್ಕೆ ಹೋಗುತ್ತದೆ. ಒಳಗಿನ ಸಮ ನೆಲದಲ್ಲಿ, ಸೀಟಿನಲ್ಲಿ ಮಗುವಿನಷ್ಟೇ ತೂಕದ ಪುಸ್ತಕದ ಕಟ್ಟು ಇಟ್ಟು ಬೆಲ್ಟ್ ಹಾಕಿ, ಚಕ್ರ ಲಾಕ್ ಮಾಡಿ, ಮೆಲ್ಲಗೆ ತಳ್ಳಿ ಕೈ ಬಿಡಿ. ಮೂರು ಮೀಟರ್ ನೋಡಿದರೆ ಸಾಕು. ಆಮೇಲೆ ಅದೇ ಜಾಗದಲ್ಲಿ ಎದುರು ದಿಕ್ಕಿನಿಂದ ತಳ್ಳಿ. ಎರಡು ಸಲವೂ ಗಾಡಿಯ ಎಡಕ್ಕೇ ಹೋದರೆ ತಪ್ಪು ಗಾಡಿಯದು. ಒಂದು ಸಲ ಎಡ, ಒಂದು ಸಲ ಬಲ ಆದರೆ ನೆಲದ್ದು.

ಅವಳಿ_ಅಮ್ಮ:

ರಿಪೇರಿ ಮಾತು ಅವರು ಹೇಳಿದ್ದಾರೆ. ನಾನು ಆಯ್ಕೆ ಬಗ್ಗೆ ಹೇಳುತ್ತೇನೆ, ಸ್ವಲ್ಪ ನಿಮ್ಮ ಹೆಂಡತಿ ಪರವಾಗಿಯೇ.

ದೊಡ್ಡ ಚಕ್ರದ ಮೂರು ಚಕ್ರದ ಗಾಡಿ ಹೊರಗೆ ರಾಜ, ಒಳಗೆ ಕಷ್ಟ. ಓಡುವುದಕ್ಕೆ ಅಂತ ಮಾಡಿದವು 10ರಿಂದ 14 ಕಿಲೋ ತೂಗುವುದು ಸಾಮಾನ್ಯ. ಮಡಿಸಿದರೂ ಉಬ್ಬಿಕೊಂಡೇ ಇರುತ್ತವೆ. ತಗೊಳ್ಳುವ ಮುಂಚೆ ಟೇಪ್ ಹಿಡಿದು ಬಾಗಿಲು, ಲಿಫ್ಟಿನ ಬಾಗಿಲು, ಕಾರಿನ ಡಿಕ್ಕಿ ಅಳೆದುಕೊಳ್ಳಿ. ಗಾಡಿಯ ಅಗಲ ಅಂದರೆ ಹಿಂದಿನ ಎರಡು ಚಕ್ರಗಳ ಹೊರ ಅಂಚಿನ ನಡುವಿನ ಅಂತರ, ಸೀಟಿನ ಅಗಲ ಅಲ್ಲ. ಮೆಟ್ಟಿಲು ಹತ್ತಬೇಕಾದ ಮನೆಯಾದರೆ ಮಗು ಒಂದು ಕೈಯಲ್ಲಿ, ಗಾಡಿ ಇನ್ನೊಂದು ಕೈಯಲ್ಲಿ ಇರುವ ಹೊತ್ತನ್ನು ಊಹಿಸಿಕೊಳ್ಳಿ. ಅಲ್ಲಿ ಮಾತು ಮುಗಿಯಿತು.

ಮೂರು ಚಕ್ರ ಬೇಗ ಮಗುಚುತ್ತದೆ ಅನ್ನುವ ಮಾತು ಅರ್ಧ ನಿಜ. ಚಕ್ರಗಳು ನೆಲದ ಮೇಲೆ ಒಂದು ತ್ರಿಕೋನ ಮಾಡುತ್ತವೆ. ಭಾರ ಅದರೊಳಗೆ ಇರುವ ತನಕ ಗಾಡಿ ನಿಂತಿರುತ್ತದೆ. ಮುಂದೆ ಹೋದಷ್ಟೂ ತ್ರಿಕೋನ ಕಿರಿದು. ಹಾಗಾಗಿ ಇಳಿಜಾರಿನಲ್ಲಿ ವೇಗವಾಗಿ ತಿರುಗಿಸಿದರೆ, ಅಥವಾ ಮಗು ಮುಂದೆ ಬಾಗಿ ಪಕ್ಕಕ್ಕೆ ಜೋತರೆ ಅಪಾಯ. ಹಿಂದಿನ ಚಕ್ರಗಳ ಅಂತರ ಜಾಸ್ತಿ, ಸೀಟು ತಗ್ಗು, ಇವೆರಡೂ ಇದ್ದರೆ ಭಯ ಬೇಡ. ಫುಟ್‌ಪಾತ್ ಹತ್ತಿಸುವುದು ಮಾತ್ರ ಮೂರು ಚಕ್ರದಲ್ಲೇ ಸಲೀಸು, ಒಂದೇ ಚಕ್ರ ಎತ್ತಿದರೆ ಆಯಿತು.

ಹಿಡಿಗೆ ಚೀಲ ನೇತು ಹಾಕುವ ಅಭ್ಯಾಸ ಯಾವ ಗಾಡಿಗೂ ಬೇಡ. ಮಗುವನ್ನು ಎತ್ತಿಕೊಂಡ ಕ್ಷಣ ಗಾಡಿ ಹಿಂದಕ್ಕೆ ಬೀಳುತ್ತದೆ. ಸೀಟಿನ ಕೆಳಗೆ ಬುಟ್ಟಿ ಇರುವುದು ಅದಕ್ಕೇ.

ಇನ್ನು ನಾಲ್ಕು ತಿಂಗಳ ಮಗು. ಇದು ಎಲ್ಲಕ್ಕಿಂತ ಮುಖ್ಯ. ಕತ್ತು, ಬೆನ್ನು ಇನ್ನೂ ಗಟ್ಟಿಯಾಗಿಲ್ಲ, ಕೂರಿಸುವ ಸೀಟು ಆಗುವುದಿಲ್ಲ. ಯುರೋಪಿನ ಇಎನ್ 1888 ಮಾನದಂಡದ ಪ್ರಕಾರ 6 ತಿಂಗಳ ಒಳಗಿನ ಮಕ್ಕಳಿಗಾದರೆ ಸೀಟಿಗೂ ಬೆನ್ನಿನ ಹಲಗೆಗೂ ನಡುವೆ ಕನಿಷ್ಠ 150 ಡಿಗ್ರಿ ಕೋನ ಬರಬೇಕು, ಅಂದರೆ ಹೆಚ್ಚುಕಡಿಮೆ ಮಲಗಿಸಿದ ಹಾಗೆ. ಓಡುವ ಗಾಡಿಗಳಲ್ಲಿ ಎಷ್ಟೋ ಇಷ್ಟು ಬಾಗುವುದಿಲ್ಲ. ನೀವು ತಂದಿರುವುದು ಬಾಗುತ್ತದಾ?

ಸಂಜೆ_ಓಟ:

ಓಡುವ ಆಸೆ ಇದೆ ಅಂದಿರಿ, ಅದಕ್ಕೆ ಈ ಉತ್ತರ. ಮೂರು ಚಕ್ರ ಇದ್ದ ಮಾತ್ರಕ್ಕೆ ಅದು ಓಡುವ ಗಾಡಿ ಅಲ್ಲ. ಎಷ್ಟೋ ಮೂರು ಚಕ್ರದ ಗಾಡಿಗಳ ಮೇಲೆ "ಓಡಲು, ಸ್ಕೇಟಿಂಗ್ ಮಾಡಲು ಬಳಸಬೇಡಿ" ಅಂತ ಎಚ್ಚರಿಕೆ ಇರುತ್ತದೆ. ಚೀಟಿ ಓದಿ, ಆಮೇಲೆ ಚಂದ ನೋಡಿ.

ಓಟಕ್ಕೆ ಬೇಕಾದದ್ದು ಇಷ್ಟು: ಲಾಕ್ ಆಗುವ ಅಥವಾ ಖಾಯಂ ನೇರ ಇರುವ ಮುಂದಿನ ಚಕ್ರ, ಹಿಂದೆ ಸ್ಪ್ರಿಂಗ್, ಐದು ಕಡೆ ಹಿಡಿಯುವ ಬೆಲ್ಟ್, ಮಣಿಕಟ್ಟಿಗೆ ಹಾಕುವ ಪಟ್ಟಿ. ಇಳಿಜಾರು ಇದ್ದರೆ ಕೈ ಬ್ರೇಕೂ ಬೇಕು. 1984ರಲ್ಲಿ ಅಮೆರಿಕದ ಫಿಲ್ ಬೇಕ್ಲರ್ ಬೇಬಿ ಜಾಗರ್ ಅನ್ನುವ ಓಡುವ ಸ್ಟ್ರಾಲರ್ ಕಂಪನಿ ಶುರು ಮಾಡಿದಾಗ ಮುಂದಿನ ಚಕ್ರ ತಿರುಗುತ್ತಲೇ ಇರಲಿಲ್ಲ. ತಿರುಗಿಸಬೇಕಾದರೆ ಹಿಡಿ ಒತ್ತಿ ಮುಂಭಾಗ ಎತ್ತಿಯೇ ತಿರುಗಿಸಬೇಕಿತ್ತು. ನನ್ನನ್ನು ಕೇಳಿದರೆ ಓಟಕ್ಕೆ ಈಗಲೂ ಅದೇ ಸರಿ. ಸುತ್ತ ತಿರುಗುವ ಚಕ್ರ ಬಿಟ್ಟುಕೊಂಡು ಓಡಬೇಡಿ, ಎಷ್ಟೇ ನುಣುಪು ದಾರಿ ಇರಲಿ.

ಮಗುವಿಗೆ 6 ತಿಂಗಳು ತುಂಬುವ ಮುಂಚೆ ಓಟ ಬೇಡ ಅಂತ ಬಹಳಷ್ಟು ಕೈಪಿಡಿಗಳಲ್ಲೇ ಇರುತ್ತದೆ, ಕೆಲವು ಇನ್ನೂ ತಡ ಮಾಡಿ ಅನ್ನುತ್ತವೆ. ತಲೆ ಗಟ್ಟಿಯಾಗಿ ನಿಲ್ಲಬೇಕು. ನಿಮ್ಮ ಮಕ್ಕಳ ಡಾಕ್ಟರನ್ನು ಒಂದು ಮಾತು ಕೇಳಿಯೇ ಶುರು ಮಾಡಿ.

ಹೊಸ_ಅಪ್ಪ:

ಧನ್ಯವಾದ. ಎಲ್ಲ ನೋಡಿದೆ. ಹಿಂದಿನ ಎಡ ಟೈರ್ ಹೆಬ್ಬೆರಳಲ್ಲಿ ಒತ್ತಿದರೆ ರಿಮ್ಮಿನವರೆಗೂ ಹೋಗುತ್ತಿತ್ತು, ಬಲದ್ದು ಗಟ್ಟಿ. ಎರಡಕ್ಕೂ ಸಮ ಗಾಳಿ ಹಾಕಿದ ಮೇಲೆ ಒಳಗಿನ ನೆಲದಲ್ಲಿ ನೇರ ಹೋಗುತ್ತಿದೆ. ತಿರುಪು ಮುಟ್ಟಲೇ ಇಲ್ಲ.

ಒದರಾಟ ಹಾಗೇ ಇದೆ. ಚಕ್ರದಲ್ಲಿ ಆಟ ಇಲ್ಲ, ಫೋರ್ಕ್ ಹಿಡಿದು ಎಳೆದರೆ ಕೀಲಿನ ಹತ್ತಿರ ಸಣ್ಣಗೆ ಟಕ್ ಅನ್ನುತ್ತದೆ. ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ ಇದೆ. ತೆಗೆಯಬಹುದಾ? ಮುಂದಿನ ಚಕ್ರ ಬೇಗ ಬಿಚ್ಚುವ ಹಿಡಿಕೆ, ಕ್ವಿಕ್ ರಿಲೀಸ್, ಕೂಡ ಇದೆ, ಅದನ್ನು ಎಷ್ಟು ಬಿಗಿ ಮಾಡಬೇಕು?

ಸೀಟು ಪೂರ್ತಿ ಬಾಗುವುದಿಲ್ಲ. ಸದ್ಯ ಮಗುವನ್ನು ಅದರಲ್ಲಿ ಹಾಕಿಲ್ಲ, ಪುಸ್ತಕಗಳೇ ಸವಾರಿ ಮಾಡುತ್ತಿವೆ. ಹೊಸದು ತಗೊಂಡರೆ ಗಾಳಿ ಟೈರಾ, ಫೋಮ್ ಟೈರಾ?

ಬೇರಿಂಗ್:

ಟಕ್ ಅಂದ ಮೇಲೆ ಕಳ್ಳ ಸಿಕ್ಕ. ಬಹಳಷ್ಟು ಗಾಡಿಗಳಲ್ಲಿ ಆ ಮುಚ್ಚಳದ ಕೆಳಗೆ ಒಂದು ಲಾಕ್ ನಟ್ ಇರುತ್ತದೆ. ಗಾಡಿಯ ಕೈಪಿಡಿಯಲ್ಲಿ ಅದನ್ನು ಬಿಗಿ ಮಾಡಬಹುದು ಅಂತ ಇದ್ದರೆ ಮಾಡಿ, ಮುಟ್ಟಬೇಡಿ ಅಂತ ಇದ್ದರೆ ಗೆಳೆಯರಿಗೆ ಹೇಳಿ ಸರ್ವೀಸಿಗೆ ಕೊಡಿಸಿ. ಬಿಗಿ ಮಾಡುವುದಾದರೆ ಟಕ್ ಶಬ್ದ ಹೋಗುವವರೆಗೆ ಮಾತ್ರ. ಮುಂಭಾಗ ಎತ್ತಿ ಗಾಡಿಯನ್ನು ಪಕ್ಕಕ್ಕೆ ವಾಲಿಸಿದಾಗ ಚಕ್ರ ತನ್ನ ಭಾರಕ್ಕೇ ಮೆಲ್ಲಗೆ ತಿರುಗಬೇಕು. ಅಂಟಿಕೊಂಡರೆ ಜಾಸ್ತಿ ಆಯಿತು, ಸ್ವಲ್ಪ ಬಿಡಿ. ಆ ಕೀಲಿಗೆ ಎಣ್ಣೆ ಬಿಡಬೇಡಿ, ನಮಗೆ ಬೇಕಾದ ಬಿಗಿಯನ್ನೇ ಅದು ತಿನ್ನುತ್ತದೆ.

ಕ್ವಿಕ್ ರಿಲೀಸ್ ವಿಷಯ ಹಗುರ ಅಂದುಕೊಳ್ಳಬೇಡಿ. ಆ ಸಣ್ಣ ಹಿಡಿಕೆಯನ್ನು ನಟ್ ಥರ ಸುತ್ತಿ ಬಿಗಿ ಮಾಡುವುದಲ್ಲ, ಮಡಚಿ ಮುಚ್ಚುವುದು. ಅರ್ಧ ದಾರಿಯಲ್ಲೇ ಬಿಗಿ ಶುರುವಾಗಬೇಕು, ಪೂರ್ತಿ ಮುಚ್ಚಿದಾಗ ಅಂಗೈಯಲ್ಲಿ ಅದರ ಅಚ್ಚು ಮೂಡಬೇಕು. ಸಲೀಸಾಗಿ ಮುಚ್ಚಿಕೊಂಡರೆ ತೆರೆದು, ಎದುರು ಕಡೆಯ ನಟ್ ಒಂದಿಷ್ಟು ತಿರುಗಿಸಿ ಮತ್ತೆ ಮುಚ್ಚಿ. ಓಡುವ ಸ್ಟ್ರಾಲರ್‌ಗಳ ಮುಂದಿನ ಚಕ್ರ ಹೀಗೆ ಕಳಚಿಬಿದ್ದ ದೂರುಗಳ ಮೇಲೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2018ರಲ್ಲಿ ಒಂದು ಕಂಪನಿಯ ವಿರುದ್ಧ ಕ್ರಮಕ್ಕೇ ಇಳಿದಿತ್ತು. ಚಕ್ರ ಬಿಚ್ಚಿ ಹಾಕಿದ ಪ್ರತಿ ಸಲ, ಹೊರಡುವ ಮುಂಚೆ ಮುಂಭಾಗ ಎತ್ತಿ ಚಕ್ರವನ್ನು ಕೆಳಕ್ಕೆ ಜಗ್ಗಿ ನೋಡಿ.

ಟೈರ್ ಬಗ್ಗೆ. ಮಣ್ಣು, ಜಲ್ಲಿ, ಓಟ ಇದ್ದರೆ ಗಾಳಿ ಟೈರಿಗೆ ಸಾಟಿ ಇಲ್ಲ. ನುಣುಪು ನೆಲದಲ್ಲೇ ಓಡಾಟವಾದರೆ ಫೋಮ್ ಸಾಕು, ಪಂಕ್ಚರ್ ಗೋಳು ಇಲ್ಲ. ಗಾಳಿ ಟೈರ್ ಆರಿಸಿದರೆ ಪಕ್ಕದಲ್ಲಿ ಅಚ್ಚಾಗಿರುವ ಅಳತೆ ಬರೆದಿಟ್ಟುಕೊಳ್ಳಿ. 12 ಇಂಚಿನ ಎಷ್ಟೋ ಚಕ್ರಗಳಲ್ಲಿ 62-203 ಅಂತ ಇರುತ್ತದೆ. ಟೈರ್ 62 ಮಿಲಿಮೀಟರ್ ಅಗಲ, ರಿಮ್ 203 ಮಿಲಿಮೀಟರ್ ಅಂತ ಅದರರ್ಥ. ಇಂಚಿನ ಲೆಕ್ಕ ನಂಬಿ ಟ್ಯೂಬ್ ತಂದರೆ ಕೂರದೇ ಹೋಗಬಹುದು, ಈ ಅಂಕಿ ನೋಡಿ ತಂದರೆ ಕೂರುತ್ತದೆ. ಗಾಳಿಯ ಮಿತಿಯೂ ಅಲ್ಲೇ ಇರುತ್ತದೆ, ಸಾಮಾನ್ಯವಾಗಿ 20ರಿಂದ 30 ಪಿಎಸ್‌ಐ ಆಸುಪಾಸು. ಕೈ ಪಂಪಿನಿಂದಲೇ ತುಂಬಿಸಿ. ಪೆಟ್ರೋಲ್ ಬಂಕಿನ ಕಂಪ್ರೆಸರ್ ಇಷ್ಟು ಸಣ್ಣ ಟ್ಯೂಬನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಡೆದು ಹಾಕುತ್ತದೆ.

ಅವಳಿ_ಅಮ್ಮ:

ಸೀಟು ಬಾಗುವುದಿಲ್ಲ ಅಂದ ಮೇಲೆ ಈ ಗಾಡಿ ಈಗ ನಿಮ್ಮ ಮಗುವಿಗಲ್ಲ. ಒದರಾಟ ಸರಿಹೋದರೂ ಅಲ್ಲ. ಪುಸ್ತಕಗಳು ಆರಾಮಾಗಿ ತಿರುಗಾಡಲಿ.

ಎರಡು ದಾರಿ ಇದೆ. ಮೂರು ಚಕ್ರದ ಚೌಕಟ್ಟಿಗೆ ಚಪ್ಪಟೆ ಮಲಗಿಸುವ ತೊಟ್ಟಿಲು ಜೋಡಿಸಬಹುದಾದ ಮಾದರಿ ತಗೊಳ್ಳಿ, ಆರು ತಿಂಗಳಾದ ಮೇಲೆ ಸೀಟು ಹಾಕಿ. ಇಲ್ಲವಾದರೆ ಈಗ ಹಗುರದ, ಪೂರ್ತಿ ಮಲಗಿಸುವ ನಾಲ್ಕು ಚಕ್ರದ್ದು ತಗೊಂಡು, ಓಡುವ ಗಾಡಿಯನ್ನು ಮಗು ಗಟ್ಟಿಯಾಗಿ ಕೂರುವ ಕಾಲಕ್ಕೆ ನೋಡಿಕೊಳ್ಳಿ. ನಾನಾಗಿದ್ದರೆ ಎರಡನೆಯದು. ಆಗ ನಿಮ್ಮಿಬ್ಬರ ವಾದವೂ ಮುಗಿಯುತ್ತದೆ, ಅಲ್ವಾ?

ಹೊಸ_ಅಪ್ಪ:

ವಾದ ಮುಗಿದಿದೆ, ಗೆದ್ದವರು ಯಾರು ಅಂತ ಹೇಳಬೇಕಾಗಿಲ್ಲ. ಕೀಲಿನ ನಟ್ ಬಗ್ಗೆ ಗೆಳೆಯರ ಹತ್ತಿರ ಮಾತಾಡಿದೆ, ಕೈಪಿಡಿ ಹುಡುಕಿಕೊಡುತ್ತಾರಂತೆ. ಕೊನೇ ಪ್ರಶ್ನೆ: ಮಗು ದೊಡ್ಡವನಾದ ಮೇಲೆ ಓಡುವ ಗಾಡಿ ಎಷ್ಟು ಕಾಲ ಬರುತ್ತದೆ? ತೂಕದ ಮಿತಿ ಹೇಗೆ ನೋಡುವುದು?

ಸಂಜೆ_ಓಟ:

ಚೌಕಟ್ಟಿನ ಮೇಲಿನ ಚೀಟಿಯಲ್ಲಿ ಇರುತ್ತದೆ. ಇಎನ್ 1888-1 ಅಂತ ಇದ್ದರೆ 15 ಕಿಲೋವರೆಗಿನ ಮಕ್ಕಳಿಗೆ, 1888-2 ಅಂತ ಇದ್ದರೆ 15ರಿಂದ 22 ಕಿಲೋವರೆಗೆ. ಎರಡೂ ಇರುವುದನ್ನೇ ಹುಡುಕಿ, ವರ್ಷಗಟ್ಟಲೆ ಬರುತ್ತದೆ. ಕೆಳಗಿನ ಬುಟ್ಟಿಯ ಮಿತಿಯನ್ನು ಬೇರೆ ಹಾಕಿರುತ್ತಾರೆ, ಅದನ್ನು ಮಗುವಿನ ತೂಕದ ಜೊತೆ ಕೂಡಿಸಬೇಡಿ. ಮತ್ತೆ ಆಯ್ಕೆ ಮಾಡುವ ದಿನ ಓಡುವ ಬೂಟು ಹಾಕಿಕೊಂಡೇ ಹೋಗಿ. ಹೆಜ್ಜೆ ಚಾಚಿದಾಗ ಕಾಲು ಹಿಂದಿನ ಆಕ್ಸಲ್ಲಿಗೆ ಬಡಿಯುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ.