ಬೆಲ್ಲದ ರೇಟು ಪುಟದಲ್ಲಿ ಟೇಬಲ್ ಖಾಲಿ, ತಲೆ ಕೆಟ್ಟಿದೆ

ಆಲೆಮನೆ_ಮಂಡ್ಯ: ಎರಡು ದಿನದಿಂದ ಒದ್ದಾಡುತ್ತಿದ್ದೇನೆ. ಅಚ್ಚು, ಬಕೆಟ್, ಕುರಿಕಟ್ಟು ಬೆಲ್ಲದ ರೇಟೆಲ್ಲ ಎಕ್ಸ್‌ಎಂಎಲ್ (ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಬರೆದಿಡುವ) ಫೈಲಿನಲ್ಲಿದೆ. ಅದು ಎಚ್‌ಟಿಎಂಎಲ್ ಟೇಬಲಿಗೆ ತಾನಾಗಿ ಬಂದು ಕೂರಬೇಕು. ತಲೆಬರಹ ಬರುತ್ತದೆ, ಕೆಳಗೆ ಖಾಲಿ. ಎರರ್ ಕೂಡ ಇಲ್ಲ. ಅಣ್ಣನ ಹಳೇ ಕಂಪ್ಯೂಟರಿನಲ್ಲಿ ಇದೇ ಪುಟ ಚೆನ್ನಾಗಿ ಓಡುತ್ತದೆ!

ಟ್ಯಾಗ್_ತಾತ: ಕೋಡ್ ಹಾಕದೆ ಕೇಳಿದರೆ ಕವಡೆ ಹಾಕಿ ಹೇಳಬೇಕಾ? ಯುಟಿಎಫ್-8 (ಅಕ್ಷರಗಳನ್ನು ಸೇವ್ ಮಾಡುವ ಸಂಕೇತ) ತೊಂದರೆ ಇರಬೇಕು. ನೋಟ್‌ಪ್ಯಾಡಿನಲ್ಲಿ ಮತ್ತೆ ಸೇವ್ ಮಾಡಿ.

ಆಲೆಮನೆ_ಮಂಡ್ಯ: ಮಾಡಿದೆ ಸಾರ್. ಖಾಲಿಯೇ.

ಟ್ಯಾಗ್_ತಾತ: ಸರಿಯಾಗಿ ಸೇವ್ ಆಗಿಲ್ಲ. ಇನ್ನೊಂದು ಸಲ ಮಾಡಿ.

ಕುವೆಂಪುನಗರ_ಜೆಎಸ್: ಈಗಲೂ ಎಕ್ಸ್‌ಎಂಎಲ್ಲಾ? ಜೇಸನ್‌ಗೆ (ಮಾಹಿತಿ ಬರೆದಿಡುವ ಇನ್ನೊಂದು ರೀತಿ) ಬದಲಾಯಿಸಿ, ಮುಗೀತು.

ಟ್ಯಾಗ್_ತಾತ: ಎಕ್ಸ್‌ಎಂಎಲ್ 1998ರಿಂದ ಇದೆ. ನಿಮ್ಮ ಫ್ರೇಮ್‌ವರ್ಕ್ ಮುಂದಿನ ಯುಗಾದಿಗೆ ಇರುತ್ತದಾ?

ಗುಂಡು_ಮೌಸ್: ಜಗಳ ಆಮೇಲೆ. ಟೇಬಲ್ ಟ್ಯಾಗಿನಲ್ಲಿ ‘ಡೇಟಾಎಸ್‌ಆರ್‌ಸಿ’, ಒಳಗೆ ‘ಡೇಟಾಎಫ್‌ಎಲ್‌ಡಿ’ ಅಂತ ಇದೆಯಾ? ಬ್ರೌಸರ್ ಯಾವುದು?

ಆಲೆಮನೆ_ಮಂಡ್ಯ: ಇದೆ, ಹಳೇ ಪುಸ್ತಕ ನೋಡಿ ಬರೆದದ್ದು. ಕ್ರೋಮ್. ಎಲ್ಲರೂ ಅದನ್ನೇ ಬಳಸುವುದು ಅಲ್ವಾ, ಅದಕ್ಕೇ ಹೇಳಲಿಲ್ಲ.

ಗುಂಡು_ಮೌಸ್: ಸಿಕ್ಕಿತು. ಇದು ಡೇಟಾ ಐಲ್ಯಾಂಡ್, ಅಂದರೆ ಎಕ್ಸ್‌ಎಂಎಲ್ ಮಾಹಿತಿಯನ್ನು ಬ್ರೌಸರೇ ಟೇಬಲಿಗೆ ತುಂಬುವ ಹಳೇ ವಿಧಾನ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಬಂತು, 10ರಲ್ಲಿ ತೆಗೆದುಬಿಟ್ಟರು. ಕ್ರೋಮ್‌ನಲ್ಲಿ ಯಾವತ್ತೂ ಇರಲಿಲ್ಲ. ಟ್ಯಾಗಿನೊಳಗೆ ಗೊತ್ತಿಲ್ಲದ ಆಟ್ರಿಬ್ಯೂಟ್ (ಡೇಟಾಎಸ್‌ಆರ್‌ಸಿ ತರಹದ ಸೂಚನೆ) ಕಂಡರೆ ಬ್ರೌಸರ್ ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ, ಅದಕ್ಕೇ ಎರರ್ ಇಲ್ಲ. ನಿಮ್ಮ ಅಣ್ಣನದು ಹಳೇ ಎಕ್ಸ್‌ಪ್ಲೋರರ್ ಇರಬೇಕು. ಈಗ ಜಾವಾಸ್ಕ್ರಿಪ್ಟೇ ಗತಿ: ಅದರ ಫೆಚ್‌ನಿಂದ ಫೈಲ್ ತರಿಸಿ, ಆ ಪಠ್ಯವನ್ನು ಟ್ಯಾಗ್‌ಗಳಾಗಿ ಬಿಡಿಸುವ ಡಾಮ್‌ಪಾರ್ಸರ್‌ಗೆ ಕೊಡಿ. ಒಂದೊಂದು ಬೆಲ್ಲಕ್ಕೂ ಒಂದು ಟಿಆರ್ (ಟೇಬಲಿನ ಸಾಲು) ಮಾಡಿ ಟೇಬಲಿಗೆ ಸೇರಿಸಿ. ಎಕ್ಸ್‌ಎಂಎಲ್ ಟ್ಯಾಗ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ, ನೋಡಿಕೊಳ್ಳಿ.

ಆಲೆಮನೆ_ಮಂಡ್ಯ: ಬರೆದೆ. ಈಗ ಕನ್ಸೋಲಿನಲ್ಲಿ ಕೆಂಪು ಸಾಲು. ಸಿಓಆರ್‌ಎಸ್ ಅಂತೆ.

ಟ್ಯಾಗ್_ತಾತ: ಯುಟಿಎಫ್ ಅಂತ ನಾನು ಆಗಲೇ ಹೇಳಿದ್ದೆ.

ಗುಂಡು_ಮೌಸ್: ತಾತ, ಸ್ವಲ್ಪ ಇರಿ. ಸಿಓಆರ್‌ಎಸ್ ಅಂದರೆ ಬೇರೆ ಕಡೆಯ ಫೈಲ್ ಓದಲು ಬ್ರೌಸರ್ ಹಾಕುವ ಕಟ್ಟುಪಾಡು. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದಿರಾ? ಹಾಗೆ ತೆರೆದರೆ ಪಕ್ಕದ ಫೈಲನ್ನು ಓದಲು ಕ್ರೋಮ್ ಬಿಡುವುದಿಲ್ಲ. ಪೈಥಾನ್ ಇದ್ದರೆ ಅದೇ ಫೋಲ್ಡರಿನಿಂದ ಅದರ ಎಚ್‌ಟಿಟಿಪಿ ಸರ್ವರ್ ಓಡಿಸಿ. ಆಮೇಲೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್:8000 ವಿಳಾಸಕ್ಕೆ (ನಿಮ್ಮದೇ ಕಂಪ್ಯೂಟರ್) ಹೋಗಿ.

ಕುವೆಂಪುನಗರ_ಜೆಎಸ್: ನಮ್ಮ ಮನೆಯಲ್ಲಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಎಂಜಿನ್‌ಎಕ್ಸ್ ಸರ್ವರ್ ದಿನವಿಡೀ ಓಡುತ್ತಿರುತ್ತದೆ. ಕರೆಂಟ್ ಹೋದರೂ ಯುಪಿಎಸ್ ಇದೆ.

ಟ್ಯಾಗ್_ತಾತ: ನನ್ನ ವಿಂಡೋಸ್ 98 ಪೆಟ್ಟಿಗೆ ಇನ್ನೂ ಬೂಟ್ ಆಗುತ್ತದೆ. ಫೋಟೋ ಹಾಕಲಾ?

ಕುವೆಂಪುನಗರ_ಜೆಎಸ್: ಹಾಕಿ ತಾತ, ನೋಡೋಣ!

ಆಲೆಮನೆ_ಮಂಡ್ಯ: ಬಂತು ಬಂತು! ಆದರೆ ಕುರಿಕಟ್ಟು ಎರಡೆರಡು ಸಲ ಬರುತ್ತಿದೆ, ಯಾಕೆ?

ಟ್ಯಾಗ್_ತಾತ: ಫೋಟೋ ಹಾಕಿದ್ದೇನೆ. ಕೀಬೋರ್ಡ್ ಕೂಡ ಅದರ ಜೊತೆಗೇ ಬಂದದ್ದು.