ಇಳಿಜಾರಲ್ಲಿ ಹೆಬ್ಬೆರಳು ಶೂಗೆ ಬಡಿಯುತ್ತೆ, ಸೈಜ್ ಬದಲಿಸಲೇ?

ಪ್ರಶ್ನೆ: ಕಬ್ಬನ್ ಪಾರ್ಕಲ್ಲಿ ವಾರಕ್ಕೆ ನಾಲ್ಕು ದಿನ ಓಡ್ತೀನಿ. ಹೊಸ ಶೂ ನಿಂತಾಗ ಸರಿಯಾಗೇ ಇದೆ. 8 ಕಿ.ಮೀ. ದಾಟಿದ ಮೇಲೆ ಇಳಿಜಾರಲ್ಲಿ ಹೆಬ್ಬೆರಳು ಬಡಿದು ಉಗುರು ಕಪ್ಪಾಗ್ತಿದೆ. ಮುಂದಿನ ತಿಂಗಳು 10ಕೆ (10 ಕಿ.ಮೀ. ಓಟ) ಇದೆ.

ಉತ್ತರ 1: ಆತುರ ಬೇಡ ಸರ್. ಇನ್‌ಸೋಲ್ (ಶೂ ಒಳಗಿನ ಮೆತ್ತೆ) ಹೊರತೆಗೆದು ಅದರ ಮೇಲೆ ನಿಂತು ನೋಡಿ. ಉದ್ದದ ಬೆರಳಿನ ಮುಂದೆ ಹೆಚ್ಚುಕಮ್ಮಿ 1 ಸೆಂ.ಮೀ. ಉಳಿದರೆ ಅಳತೆ ಸರಿ, ಕಾಲು ಮುಂದಕ್ಕೆ ಜಾರುತ್ತಿದೆ ಅಷ್ಟೆ. ಆಗ ಎರಡೂ ಬದಿಯ ಲೇಸನ್ನು ಅದೇ ಬದಿಯ ಕೊನೆಯ ತೂತಿಗೆ ಪೋಣಿಸಿ ಚಿಕ್ಕ ಕುಣಿಕೆ ಬಿಡಿ. ಎದುರು ಬದಿಯ ತುದಿಯನ್ನು ಅದರೊಳಗೆ ತೂರಿಸಿ, ಕೆಳಕ್ಕೆ ಎಳೆದು ಕಟ್ಟಿ. ಹಿಮ್ಮಡಿ ಅಲುಗಾಡಲ್ಲ.

ಉತ್ತರ 2: ಕಿರುಬೆರಳೂ ಒತ್ತುತ್ತಿದ್ದರೆ ಉದ್ದ ಹೆಚ್ಚಿಸಿ ಪ್ರಯೋಜನವಿಲ್ಲ, ವೈಡ್ (ಹೆಚ್ಚು ಅಗಲದ ಶೂ) ಕೇಳಿ. ಅಂಗಡಿಗೆ ಸಂಜೆ ಹೋಗಿ, ಪಾದ ಊದಿರುತ್ತೆ. ಓಡುವ ಸಾಕ್ಸನ್ನೇ ಹಾಕಿ ನೋಡಿ. ಡ್ರಾಪ್ (ಶೂ ಅಡಿಯಲ್ಲಿ ಹಿಮ್ಮಡಿ ಭಾಗ ಮುಂಭಾಗಕ್ಕಿಂತ ಎಷ್ಟು ಎತ್ತರ ಅನ್ನೋದು) 10 ಮಿ.ಮೀ.ನಿಂದ ಒಮ್ಮೆಗೇ 4ಕ್ಕೆ ಇಳಿಸಿದರೆ ಮೀನಖಂಡ ಹಿಡ್ಕೊಳ್ಳುತ್ತೆ, ಅದನ್ನೂ ಕೇಳಿ ತಿಳ್ಕೊಳ್ಳಿ.

ಪ್ರಶ್ನೆ ಕೇಳಿದವರು: ನಿಂತು ನೋಡಿದೆ, ಅರ್ಧ ಸೆಂ.ಮೀ. ಕೂಡ ಇಲ್ಲ.

ಉತ್ತರ 1: ಹಾಗಾದರೆ ಅರ್ಧ ಸೈಜ್ ದೊಡ್ಡದು ತಗೊಳ್ಳಿ. ಓಟದ ದಿನಕ್ಕೆ ಮುಂಚೆ ಅದರಲ್ಲಿ 40-50 ಕಿ.ಮೀ. ಆಗಿರಲಿ. ಉಗುರು ನೇರಕ್ಕೆ ಕತ್ತರಿಸಿ.