ಪದಚರ್ಚೆ: ವಿಡಿಯೋ ಗೇಮಿನ ‘ಹೀರೋಯಿನ್’ಗೆ ಕನ್ನಡದಲ್ಲಿ ಏನೆನ್ನುವುದು? ಶುಕ್ರವಾರದೊಳಗೆ ಬೇಕಾಗಿದೆ

ತುಮಕೂರಿನಿಂದ:

ಮಾನ್ಯರೇ,

ನಮ್ಮ ಕಾಲೇಜಿನ ಗಣಕ ವಿಭಾಗದ ಮಕ್ಕಳು ವಿಡಿಯೋ ಗೇಮುಗಳ ಚರಿತ್ರೆಯ ಮೇಲೊಂದು ಪ್ರದರ್ಶನ ಏರ್ಪಡಿಸಿದ್ದು, ಅದರ ಫಲಕಗಳನ್ನು ಕನ್ನಡಕ್ಕೆ ತರುವ ಕೆಲಸ ಕನ್ನಡ ವಿಭಾಗದವಳಾದ ನನ್ನ ಪಾಲಿಗೆ ಬಂದಿದೆ. ಉಳಿದವು ಹೇಗೋ ಮುಗಿದವು. ಲಾರಾ ಕ್ರಾಫ್ಟ್ ಎಂಬ ಪಾತ್ರದ ಫಲಕದಲ್ಲಿ ಮಾತ್ರ ಕೈ ಓಡುತ್ತಿಲ್ಲ. ಶುಕ್ರವಾರ ಸಂಜೆಯೊಳಗೆ ಮ್ಯಾಟರ್ ಕೈಸೇರದಿದ್ದರೆ ಸೋಮವಾರಕ್ಕೆ ಕೊಡಲಾಗುವುದಿಲ್ಲ ಎಂದು ಬಿ.ಎಚ್. ರಸ್ತೆಯ ಫ್ಲೆಕ್ಸ್ ಅಂಗಡಿಯವರು ಖಂಡಿತವಾಗಿ ಹೇಳಿರುವುದರಿಂದ ತಮ್ಮೆಲ್ಲರನ್ನು ಅವಸರದಲ್ಲೇ ಕೇಳಬೇಕಾಗಿದೆ.

ಸಂದರ್ಭ ತಿಳಿಸದೆ ಪದ ಕೇಳುವುದು ಸರಿಯಲ್ಲವಾದ್ದರಿಂದ ಫಲಕದ ಸಾರವನ್ನು ಕೊಡುತ್ತೇನೆ. ಇಂಗ್ಲೆಂಡಿನ ಡರ್ಬಿ ನಗರದ ಕೋರ್ ಡಿಸೈನ್ ಎಂಬ ಸಂಸ್ಥೆಯಲ್ಲಿ ಟೋಬಿ ಗಾರ್ಡ್ ಎಂಬ ಕಲಾವಿದರು ಪುರಾತನ ಗೋರಿಗಳೊಳಗೆ ನುಗ್ಗುವ ಸಾಹಸಿಯೊಬ್ಬನ ಆಟವನ್ನು ಯೋಚಿಸಿದಾಗ ಮೊದಲು ಮೂಡಿದ್ದು ಗಂಡಸಿನ ರೂಪ. ಅದು ಸಿನಿಮಾದ ಇಂಡಿಯಾನಾ ಜೋನ್ಸ್‌ನನ್ನು ತೀರಾ ಹೋಲುತ್ತದೆಂದು ಕೈಬಿಟ್ಟು ಹೆಣ್ಣನ್ನು ತಂದರು. ಆಗ ಅವಳು ಲೌರಾ ಕ್ರೂಜ್ ಎಂಬ ಹೆಸರಿನ ದಕ್ಷಿಣ ಅಮೆರಿಕದವಳು. ಇಂಗ್ಲಿಷರ ಕಿವಿಗೆ ಒಗ್ಗುವ ಹೆಸರಿರಲಿ ಎಂಬ ಮಾತು ಬಂದ ಮೇಲೆ ಸಿರಿವಂತ ಬ್ರಿಟಿಷ್ ಮನೆತನದ ಲಾರಾ ಕ್ರಾಫ್ಟ್ ಆದಳು. ‘ಟೂಂಬ್ ರೇಡರ್’ ಎಂಬ ಹೆಸರಿನಿಂದ ಆಟವು 1996ರಲ್ಲಿ ಹೊರಬಂತು. ಆಗಿನ ಯಂತ್ರಗಳಿಗೆ ಒಂದು ಪಾತ್ರದ ಮೈಯನ್ನು ಕೆಲವು ನೂರು ತ್ರಿಕೋನಗಳಿಗಿಂತ ಹೆಚ್ಚು ಜೋಡಿಸಿ ಓಡಿಸುವ ಶಕ್ತಿ ಇರಲಿಲ್ಲವಾದ್ದರಿಂದ ಮೊದಲ ಆಟದಲ್ಲಿ ಆಡುವಾಗ ಅವಳ ಉದ್ದ ಜಡೆ ಕಾಣುವುದೇ ಇಲ್ಲ; ಬೆನ್ನ ಮೇಲೆ ಜಡೆ ತೂಗಾಡಿದ್ದು 1997ರ ಎರಡನೆಯ ಆಟದಲ್ಲಿ. ಅದೇ ವರ್ಷ ಲಂಡನ್ನಿನ ‘ದಿ ಫೇಸ್’ ಪತ್ರಿಕೆ ಅವಳನ್ನು ಮುಖಪುಟಕ್ಕೆ ಹಾಕಿತು, 2001ರಲ್ಲಿ ಏಂಜಲೀನಾ ಜೋಲಿ ಅವಳ ಪಾತ್ರದಲ್ಲಿ ತೆರೆಗೆ ಬಂದರು, 2010ರಲ್ಲಿ ಡರ್ಬಿಯ ಜನ ಮತ ಹಾಕಿ ತಮ್ಮ ಊರಿನ ಹೊಸ ರಸ್ತೆಯೊಂದಕ್ಕೆ ಅವಳ ಹೆಸರನ್ನೇ ಇಟ್ಟರು.

ನನಗೆ ಬೇಕಾದದ್ದು ಮೂರು. ಶೀರ್ಷಿಕೆಯಲ್ಲಿ ಬರುವ ‘ಹೀರೋಯಿನ್’ಗೆ ಏನು ಹಾಕಲಿ? ಆಟಗಾರನ ಕೈಯಲ್ಲಿ ನಡೆಯುವ ಪಾತ್ರವನ್ನು ಏನೆನ್ನಲಿ? ಅದನ್ನು ‘ಆಟಗಾರ್ತಿ’ ಎಂದರೆ ಆಡುವ ಹುಡುಗಿ ಎಂದೇ ಆಗುತ್ತದೆ. ಆಟದ ಹೆಸರಿನ ಕೆಳಗೆ ಒಂದು ಸಾಲಿನಲ್ಲಿ ಅದರ ಅರ್ಥ ಹೇಳುವುದು ಹೇಗೆ?

ಕೋಲಾರದಿಂದ:

ಇದರಲ್ಲಿ ಚರ್ಚೆಗೆ ಆಸ್ಪದವೇ ಇಲ್ಲ. ತಮಗೆ ಬೇಕಾದದ್ದು ‘ನಾಯಿಕೆ’. ಪತ್ರಿಕೆಗಳೂ ಸಿನಿಮಾದವರೂ ‘ನಾಯಕಿ’ ಎಂದು ಬರೆಯುವುದನ್ನು ನಾನು ನಾಲ್ಕು ದಶಕಗಳಿಂದ ವಿರೋಧಿಸುತ್ತ ಬಂದಿದ್ದೇನೆ. ಇಲ್ಲಿ ಮತ್ತೆ ವಿವರಿಸುವುದಿಲ್ಲ.

ಆದರೆ ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ‘ನೀ’ ಧಾತುವಿಗೆ ಕರೆದೊಯ್ಯು, ನಡೆಸು ಎಂಬ ಅರ್ಥ. ನಾಯಕನೆಂದರೆ ಕರೆದೊಯ್ಯುವವನು. ತಾವು ವರ್ಣಿಸಿರುವ ಹೆಂಗಸು ಯಾರನ್ನು ಎಲ್ಲಿಗೆ ಕರೆದೊಯ್ಯುತ್ತಾಳೆ? ಗುಂಡಿ ಒತ್ತಿದ ಕಡೆಗೆ ಓಡುತ್ತಾಳೆ, ಒತ್ತದಿದ್ದರೆ ನಿಲ್ಲುತ್ತಾಳೆ. ಅವಳು ನಾಯಿಕೆಯಲ್ಲ, ‘ನೇಯೆ’, ಅಂದರೆ ನಡೆಸಲ್ಪಡುವವಳು. ತಮ್ಮ ಎರಡನೆಯ ಪ್ರಶ್ನೆಗೂ ಇದೇ ಉತ್ತರ.

ಚಿಂತಾಮಣಿಯಿಂದ:

ಕೋಲಾರದ ಮೇಷ್ಟ್ರು ಫಲಕವನ್ನು ಕಾಶಿಯಲ್ಲಿ ನಿಲ್ಲಿಸುವುದಾದರೆ ‘ನೇಯೆ’ ಆದೀತು. ತುಮಕೂರಿನಲ್ಲಿ ಅದನ್ನು ಓದಿದ ಮಕ್ಕಳು ಬಟ್ಟೆ ನೇಯುವ ಕಸುಬೆಂದು ತಿಳಿದುಕೊಳ್ಳುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಯಾರಿಗೂ ಅಂಜದೆ ನಾಲ್ಕು ಜನರ ನಡುವೆ ಎದ್ದು ನಿಲ್ಲುವ ಹೆಂಗಸನ್ನು ‘ಗಟ್ಟಿಗಿತ್ತಿ’ ಎನ್ನುತ್ತಾರೆ. ಆ ಪದವಿರುವಾಗ ಎರವಲು ಏಕೆ? ಮೂರನೆಯದಕ್ಕೆ ‘ಗೋರಿ’ ಎಂಬುದನ್ನು ದಯವಿಟ್ಟು ಹಾಕಬೇಡಿ, ಅದು ಪಾರಸಿಯಿಂದ ಬಂದದ್ದು. ‘ಲೂಟಿ’ ಹಿಂದಿಯಿಂದ ಬಂದದ್ದು. ಸತ್ತವರನ್ನು ಹೂಳುವ ಕಟ್ಟಡಕ್ಕೆ ‘ಹೂಳ್ಮನೆ’ ಎನ್ನಬಹುದು. ಅಲ್ಲಿ ಕೊಳ್ಳೆ ಹೊಡೆಯುವವಳು ‘ಹೂಳ್ಮನೆಗೊಳ್ಳೆಗಾತಿ’.

ಕೋಲಾರದಿಂದ:

ಅಚ್ಚಗನ್ನಡದ ಈ ಪದದ ಬಾಲದಲ್ಲಿರುವ ‘ಗಾತಿ’ಯು ‘ಗಾರ’ದ ಹೆಣ್ಣುರೂಪ, ‘ಗಾರ’ವು ಸಂಸ್ಕೃತದ ‘ಕಾರ’ದ ತದ್ಭವ. ತಮ್ಮ ಮನೆಯ ಹಿಂಬಾಗಿಲನ್ನೊಮ್ಮೆ ನೋಡಿಕೊಳ್ಳಿ.

ತಿಪಟೂರಿನಿಂದ:

ಇಬ್ಬರೂ ಹಿರಿಯರು ಆಟವನ್ನು ಆಡದೆ ಮಾತಾಡುತ್ತಿರುವುದು ಸ್ಪಷ್ಟ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಊರಿನ ಸೈಬರ್ ಸೆಂಟರಿನಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಇದನ್ನು ಆಡಿದವನು. ಹೊರಗಿನಿಂದ ನೋಡಿದವರಿಗೆ ‘ಗುಂಡಿ ಒತ್ತಿದರೆ ಓಡುತ್ತಾಳೆ’ ಎನಿಸುವುದು ಸಹಜ, ಆದರೆ ಆಟದಲ್ಲಿ ಹಾಗಿಲ್ಲ. ಇಡೀ ಲೋಕವನ್ನು ಒಂದೇ ಅಳತೆಯ ಚೌಕಗಳಲ್ಲಿ ಕಟ್ಟಿದ್ದಾರೆ. ದೊಡ್ಡ ಕಂದಕ ದಾಟಬೇಕಾದರೆ ಅಂಚಿಗೆ ಬಂದು, ಒಂದು ಹೆಜ್ಜೆ ಹಿಂದಕ್ಕೆ ಹಾರಿ, ಓಡಿ ಬಂದು ಅಂಚಿನಲ್ಲಿ ಕಾಲಿಡುವ ಹೊತ್ತಿಗೆ ನೆಗೆಯಬೇಕು, ಗಾಳಿಯಲ್ಲಿರುವಾಗಲೇ ಇನ್ನೊಂದು ಗುಂಡಿ ಹಿಡಿದು ಎದುರು ಬಂಡೆಯ ಅಂಚಿಗೆ ಅವಳ ಕೈ ಸಿಕ್ಕುವಂತೆ ಮಾಡಬೇಕು. ತಪ್ಪಿದರೆ ಬೀಳುವವಳು ಅವಳು. ‘ಸತ್ತೆ’ ಎಂದು ಕೂಗಿಕೊಳ್ಳುವವನು ಕುರ್ಚಿಯಲ್ಲಿ ಕುಳಿತವನು. ‘ಸತ್ತಳು’ ಎಂದು ಯಾವ ಹುಡುಗನೂ ಹೇಳಿದ್ದನ್ನು ನಾನು ಕೇಳಿಲ್ಲ.

ಈ ಸಂಬಂಧಕ್ಕೆ ನಮ್ಮಲ್ಲಿ ಪದ ಆಗಲೇ ಇದೆ. ನಮ್ಮ ಸೀಮೆಯ ಮೂಡಲಪಾಯ ಬಯಲಾಟದಲ್ಲಿ ಹಿಂದೆ ಹೆಣ್ಣುಪಾತ್ರಗಳನ್ನೂ ಗಂಡಸರೇ ಕಟ್ಟುತ್ತಿದ್ದರು, ಅದನ್ನು ‘ವೇಷ’ವೆಂದೇ ಕರೆಯುತ್ತಿದ್ದರು. ಲಾರಾ ನಮ್ಮಂಥ ಹುಡುಗರು ಕಟ್ಟಿದ ವೇಷ. ಎರಡನೆಯ ಪ್ರಶ್ನೆಗೆ ‘ವೇಷ’ ಎಂದೇ ಹಾಕಿ.

ಇದು ಬರಿಯ ಪದದ ಮಾತಲ್ಲ. ಅವಳನ್ನು ಕುರಿತ ಜಗಳವೆಲ್ಲ ಇಲ್ಲೇ ಇದೆ. ಅವಳು ನಾವು ತೊಡುವ ವೇಷವೋ, ನಾವು ನೋಡುವ ಬೊಂಬೆಯೋ? ಆಟದಲ್ಲಿ ಕಾಣುವುದು ಬಹುತೇಕ ಅವಳ ಬೆನ್ನು, ಜಾಹೀರಾತುಗಳಲ್ಲಿ ತೋರಿಸಿದ್ದು ಬೇರೆಯೇ. ಮಾರಾಟದವರು ಅವಳನ್ನು ಈಜುಡುಗೆಯಲ್ಲಿ ನಿಲ್ಲಿಸಿದರು, ಅವಳಂತೆ ಉಡುಪು ತೊಟ್ಟ ರೂಪದರ್ಶಿಯರನ್ನು ಮೇಳಗಳಿಗೆ ಕಳಿಸಿದರು, ಲೂಕೋಜೇಡ್ ಪಾನೀಯದ ಜಾಹೀರಾತಿಗೂ ತಂದರು. ತಾವು ಕಲ್ಪಿಸಿದ ಬಿಗುಮಾನದ ಹೆಂಗಸನ್ನು ಹೀಗೆ ಮಾರುವುದು ಹಿಡಿಸದೆ ಟೋಬಿ ಗಾರ್ಡ್ 1997ರಲ್ಲೇ, ಎರಡನೆಯ ಆಟ ಮುಗಿಯುವ ಮೊದಲೇ, ಸಂಸ್ಥೆ ಬಿಟ್ಟರು. ಸ್ತ್ರೀವಾದಿ ವಿಮರ್ಶಕಿಯರಲ್ಲಿ ಕೆಲವರು ಅವಳನ್ನು ಗಂಡಸರ ಕಣ್ಣಿಗಾಗಿ ಮಾಡಿದ ಬೊಂಬೆ ಎಂದರು, ಇನ್ನು ಕೆಲವರು ಯಾರ ನೆರವಿಗೂ ಕಾಯದ ಹೆಣ್ಣು ಆಟಗಳಲ್ಲಿ ಇಷ್ಟು ದೊಡ್ಡದಾಗಿ ಕಂಡದ್ದೇ ಈಗ ಎಂದರು. ಇಬ್ಬರ ಮಾತೂ ನಿಜವೆಂದೇ ನನ್ನ ಭಾವನೆ, ಏಕೆಂದರೆ ಒಬ್ಬರು ನೋಡಿದ್ದು ಜಾಹೀರಾತನ್ನು, ಇನ್ನೊಬ್ಬರು ನೋಡಿದ್ದು ಆಟವನ್ನು.

ಫಲಕದಲ್ಲಿ 2013ರ ಆಟವನ್ನೂ ಸೇರಿಸಿ. ರಿಯಾನಾ ಪ್ರಾಟ್ಚೆಟ್ ಎಂಬ ಲೇಖಕಿ ಮುಖ್ಯವಾಗಿ ಬರೆದ ಅದರಲ್ಲಿ ಲಾರಾ ಇಪ್ಪತ್ತೊಂದರ ಹುಡುಗಿ, ಮೈಕಟ್ಟೂ ಸಾಮಾನ್ಯರದು. ಅದು ಬರುವ ಹಿಂದಿನ ವರ್ಷ, ತಯಾರಕರಲ್ಲೊಬ್ಬರು ಆಡುವವರು ತಮ್ಮನ್ನು ಅವಳೆಂದು ಭಾವಿಸದೆ ಅವಳನ್ನು ಕಾಪಾಡಬೇಕೆಂದುಕೊಳ್ಳುತ್ತಾರೆ ಎಂಬರ್ಥದ ಮಾತಾಡಿ ದೊಡ್ಡ ಗಲಾಟೆಯಾಯಿತು. ವೇಷವನ್ನು ಯಾರಾದರೂ ಕಾಪಾಡುತ್ತಾರೆಯೇ?

ಮುಳಬಾಗಿಲಿನಿಂದ:

ತಿಪಟೂರಿನವರ ‘ವೇಷ’ ಚೆನ್ನಾಗಿದೆ. ಆದರೆ ‘ವೇಷ ಹಾಕುತ್ತಾನೆ’ ಎಂದರೆ ನಮ್ಮ ಕಡೆ ನಾಟಕವಾಡುತ್ತಾನೆ, ಮೋಸ ಮಾಡುತ್ತಾನೆ ಎಂದೇ ಅರ್ಥ. ಫಲಕದಲ್ಲಿ ಒಂಟಿಯಾಗಿ ನಿಂತರೆ ತೊಡಕಾಗುತ್ತದೆ.

ಮೂರನೆಯದಕ್ಕೆ ಯಾರೂ ಪತ್ರಿಕೆ ತೆರೆದಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಈ ಕಸುಬಿನವರಿಗೆ ‘ನಿಧಿಗಳ್ಳರು’ ಎಂದು ಹೆಸರು. ಊರಾಚೆಯ ಬೆಟ್ಟದ ಮೇಲೆ ಪಾಳು ಗುಡಿಯೊಂದರಲ್ಲಿ ನಾನೇ ಕಂಡಿದ್ದೇನೆ: ಬಸವಣ್ಣನನ್ನು ಪಕ್ಕಕ್ಕೆ ಉರುಳಿಸಿ, ಪೀಠದ ಚಪ್ಪಡಿ ಎಬ್ಬಿಸಿ, ಆಳೆತ್ತರ ಅಗೆದು, ಸುತ್ತಲೂ ಕುಯ್ದ ನಿಂಬೆಹಣ್ಣು ಮತ್ತು ಕುಂಕುಮ ಚೆಲ್ಲಿ ಹೋಗಿದ್ದರು. ಒಳಗೆ ಏನೂ ಸಿಕ್ಕಿರಲಾರದು. ಲಾರಾ ಮೊದಲ ಆಟದಲ್ಲಿ ಪೆರು, ಗ್ರೀಸ್, ಈಜಿಪ್ಟುಗಳಲ್ಲಿ ಮಾಡುವುದೂ ನಿಂಬೆಹಣ್ಣೊಂದನ್ನು ಬಿಟ್ಟು ಅದನ್ನೇ. 1998ರ ಮೂರನೆಯ ಆಟ ಶುರುವಾಗುವುದೇ ಭಾರತದ ಕಾಡಿನ ಪಾಳು ದೇಗುಲಗಳಲ್ಲಿ. ಅವಳು ‘ನಿಧಿಗಳ್ಳಿ’. ಸಿರಿವಂತ ಮನೆತನದ ಬ್ರಿಟಿಷ್ ಹೆಂಗಸು ಎರಡು ಪಿಸ್ತೂಲು ಹಿಡಿದು ಬಂದು ತೆಗೆದುಕೊಂಡರೆ ಸಾಹಸ, ನಮ್ಮವನು ಹಾರೆ ಹಿಡಿದರೆ ಕಳವು ಎನ್ನುವ ಭೇದವನ್ನು ಕನ್ನಡ ಒಪ್ಪಬೇಕಾಗಿಲ್ಲ.

ಕೋಲಾರದಿಂದ:

‘ನಿಧಿ’ ಸಂಸ್ಕೃತ, ‘ಕಳ್ಳಿ’ ಕನ್ನಡ. ಅರಿಸಮಾಸ. ತಿರಸ್ಕೃತ.

ಮುಳಬಾಗಿಲಿನಿಂದ:

ಮೇಷ್ಟ್ರೇ, ಬಿರುದಾವಳಿಗಳಲ್ಲಿ ಅರಿಸಮಾಸ ದೋಷವಲ್ಲವೆಂದು ತಾವೇ ಪಾಠ ಮಾಡುವ ವ್ಯಾಕರಣ ಹೇಳುತ್ತದೆ. ‘ಟೂಂಬ್ ರೇಡರ್’ ಎಂಬುದು ಅವಳ ಬಿರುದು. ಆದ್ದರಿಂದ ಸಲ್ಲುತ್ತದೆ.

ಚಿಂತಾಮಣಿಯಿಂದ:

ನಾಯಿಕೆ, ವೇಷ, ನಿಧಿ ಎಲ್ಲವೂ ಸಂಸ್ಕೃತ, ಉಳಿದದ್ದು ಇಂಗ್ಲಿಷ್. ಹೊಸ ವಸ್ತು ಬಂದಾಗಲೆಲ್ಲ ಕನ್ನಡ ಕೈಕಟ್ಟಿ ಕುಳಿತರೆ ಅದು ಪದ ಕಟ್ಟುವುದನ್ನು ಕಲಿಯುವುದು ಯಾವಾಗ? ‘ಕಳ್ಳಿ’ ಎಂದರೆ ಬೇಲಿಯ ಗಿಡವೂ ಹೌದೆಂಬುದನ್ನು ಮುಳಬಾಗಿಲಿನವರು ಮರೆತಿರಬೇಕು. ‘ಗಟ್ಟಿಗಿತ್ತಿ’ಗೆ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಮುಳಬಾಗಿಲಿನಿಂದ:

ಉತ್ತರ ಸುಲಭ. ‘ಗಟ್ಟಿಗಿತ್ತಿ’ ಗುಣ ಹೇಳುವ ಮಾತು, ಸ್ಥಾನ ಹೇಳುವ ಮಾತಲ್ಲ. ಕಥೆಯಲ್ಲಿ ಖಳಸ್ತ್ರೀಯೂ ಗಟ್ಟಿಗಿತ್ತಿ ಆಗಬಹುದು. ಇದೇ ಆಟದಲ್ಲಿ ಲಾರಾಳನ್ನು ಮೊದಲು ಕೆಲಸಕ್ಕೆ ಗೊತ್ತುಮಾಡಿ ಆಮೇಲೆ ಅವಳ ಮೇಲೆಯೇ ತಿರುಗಿಬೀಳುವ ನಾಟ್ಲಾ ಎಂಬವಳು ಅಂಥವಳೇ. ಎರವಲಿನ ಮಾತಿಗೆ ಬಂದರೆ, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಆಡುವ ಊರಿನವನು ನಾನು. ನಮ್ಮಲ್ಲಿ ಮಕ್ಕಳು ‘ಗೇಮ್’ ಎನ್ನುತ್ತಾರೆ, ಅಜ್ಜಿಯರೂ ‘ಗೇಮ್’ ಎನ್ನುತ್ತಾರೆ. ಆ ಪದ ಕನ್ನಡದ್ದಾಗಿ ವರ್ಷಗಳಾದವು, ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ತುಮಕೂರಿನಿಂದ:

ಎಲ್ಲರಿಗೂ ಕೃತಜ್ಞಳು. ಅಂಗಡಿಗೆ ಈಗಷ್ಟೇ ಮ್ಯಾಟರ್ ಕಳಿಸಿದ್ದರಿಂದ ಏನು ಹಾಕಿದೆನೆಂದು ತಿಳಿಸುತ್ತೇನೆ.

ಶೀರ್ಷಿಕೆ ‘ಗೇಮಿನ ನಾಯಕಿ: ಲಾರಾ ಕ್ರಾಫ್ಟ್’ ಎಂದಿದೆ. ‘ನಾಯಿಕೆ’ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಅಲಂಕಾರಶಾಸ್ತ್ರದ ವಿರಹಿಣಿ, ಅಭಿಸಾರಿಕೆಯರೇ ನೆನಪಾಗುತ್ತಾರೆ. ಎರಡೂ ತೊಡೆಗೆ ಪಿಸ್ತೂಲು ಕಟ್ಟಿದವಳಿಗೆ ಅದು ಹೊಂದದು. ‘ನಾಯಕಿ’ಯು ಸಂಸ್ಕೃತದ ನಿಯಮಕ್ಕೆ ಹೊರತಾಗಿದ್ದರೂ ‘ಗಾಯಕಿ’ಯಂತೆ ಕನ್ನಡದಲ್ಲಿ ನೆಲೆನಿಂತಿದೆ. ‘ಗಟ್ಟಿಗಿತ್ತಿ’ಯನ್ನು ಬಿಟ್ಟಿಲ್ಲ, ಗಾರ್ಡ್ ಅವರು ಕಲ್ಪಿಸಿದ ಹೆಣ್ಣು ಎಂಥವಳೆಂದು ಹೇಳುವ ವಾಕ್ಯದಲ್ಲಿ ಅದು ವಿಶೇಷಣವಾಗಿ ಬಂದಿದೆ. ತಿಪಟೂರಿನವರ ಪದವನ್ನು ‘ಆಡುವವರು ತೊಡುವ ವೇಷ’ ಎಂದು ಬಿಡಿಸಿ ಬರೆದಿರುವುದರಿಂದ ಮೋಸದ ಅರ್ಥ ಬರುವುದಿಲ್ಲ. ಜಾಹೀರಾತಿನ ಲಾರಾ ಬೇರೆ, ಆಟದ ಲಾರಾ ಬೇರೆ ಎಂಬ ಅವರ ಮಾತನ್ನೂ ಫಲಕಕ್ಕೆ ಸೇರಿಸಿದ್ದೇನೆ. ಆಟದ ಹೆಸರಿನ ಕೆಳಗೆ ‘ಅಂದರೆ ನಿಧಿಗಳ್ಳಿ’ ಎಂದಿದೆ. ಗಣಕ ವಿಭಾಗದ ಹುಡುಗಿಯರಿಗೆ ಇದರಿಂದ ಕೊಂಚ ಬೇಸರವಾಗಿದೆ, ಹುಡುಗರು ನಗುತ್ತಿದ್ದಾರೆ, ಆದರೂ ತೆಗೆಯುವುದಿಲ್ಲ.

ಅಂಗಡಿಯ ಡಿಟಿಪಿ ಹುಡುಗ ‘ಟೂಂಬ್ ರೈಡರ್’ ಎಂದು ಟೈಪ್ ಮಾಡಿ, ಎಲ್ಲರೂ ಹಾಗೇ ಹೇಳುತ್ತಾರೆಂದು ವಾದಿಸುತ್ತಿದ್ದಾನೆ. ರೈಡರ್ ಎಂದರೆ ಸವಾರ, ನುಗ್ಗಿ ದೋಚುವವರು ರೇಡರ್ ಎಂದು ಹೇಳಿದರೂ ಒಪ್ಪುತ್ತಿಲ್ಲ. ರಾತ್ರಿ ಎಂಟಕ್ಕೆ ಪ್ರಿಂಟಿಗೆ ಹೋಗುತ್ತದೆ.

ಕೋಲಾರದಿಂದ:

‘ರೇಡರ್’ ಸರಿ. ಆ ಹುಡುಗನಿಗೆ ನನ್ನ ಹೆಸರು ಹೇಳಿ. ‘ನಾಯಕಿ’ಯನ್ನು ನಾನು ಒಪ್ಪಿಲ್ಲವೆಂಬುದು ಇಲ್ಲಿ ದಾಖಲಾಗಿರಲಿ.